ಚಿಕ್ಕಮಗಳೂರಿಗೆ ಬರೋರು ರೂಮಿನ ಬಿಲ್ ಒಮ್ಮೆ ಸರಿಯಾಗಿ ನೋಡಿ
ವಾರಾಂತ್ಯಕ್ಕೆ ಮುಳ್ಳಯ್ಯನಗಿರಿ, ಮೂಡಿಗೆರೆ ಕಡೆ ರೂಮ್ ಹುಡುಕ್ತಿರೋರಿಗೆ ಒಂದು ಮಾತು. ಹೋದ ತಿಂಗಳು ಮನೆಗೆ ಬಂದಿದ್ದ ನೆಂಟರ ಹೋಂಸ್ಟೇ ಬಿಲ್ ನೋಡಿದೆ. ಬಿಳಿ ಹಾಳೆ ಮೇಲೆ ಪೆನ್ನಲ್ಲಿ ‘ಟೂರಿಸಂ ಟ್ಯಾಕ್ಸ್ 600’ ಅಂತ ಗೀಚಿದ್ರು. ಜಿಎಸ್‌ಟಿ ನಂಬರೇ ಇಲ್ಲ!

ರೂಮಿನ ಬಾಡಿಗೆ ಮೇಲೆ ನಮ್ಮಲ್ಲಿ ಹಿಂದೆ ಇದ್ದ ಲಕ್ಷುರಿ ಟ್ಯಾಕ್ಸ್ 2017ರ ಜುಲೈಯಲ್ಲೇ ಜಿಎಸ್‌ಟಿಯೊಳಗೆ ಸೇರಿಹೋಯ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಅದಕ್ಕಿಂತ ಮೇಲಾದ್ರೆ ಶೇ 18. ಮಜಾ ಇರೋದು ಇಲ್ಲೇ. 7,500ರ ರೂಮಿಗೆ ತೆರಿಗೆ 375, 7,600ರದ್ದಕ್ಕೆ 1,368! ನೂರು ರೂಪಾಯಿ ಇಳಿಸಿ ಅಂತ ಚೌಕಾಸಿ ಮಾಡೋಕೆ ನಾಚಿಕೆ ಬೇಡ.

ತೆರಿಗೆ ಹಾಕಿದ್ರೆ ಬಿಲ್ಲಲ್ಲಿ 15 ಅಕ್ಷರದ ಜಿಎಸ್‌ಟಿ ನಂಬರ್ ಇರಲೇಬೇಕು. ಕರ್ನಾಟಕದ್ದಾದ್ರೆ 29ರಿಂದ ಶುರು. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ಸಣ್ಣ ಹೋಂಸ್ಟೇಗಳು ಸಾಮಾನ್ಯವಾಗಿ ನೋಂದಣಿ ಮಾಡಿಸಿರಲ್ಲ, ತಪ್ಪೇನಲ್ಲ. ಆದ್ರೆ ಆಗ ಅವರು ತೆರಿಗೆ ವಸೂಲಿ ಮಾಡೋ ಹಾಗಿಲ್ಲ. ಆ್ಯಪ್‌ನಲ್ಲಿ ಬುಕ್ ಮಾಡಿದ್ರೆ ಮಾತ್ರ ಆ್ಯಪ್‌ನೋರೇ ಜಿಎಸ್‌ಟಿ ಹಾಕ್ತಾರೆ.

ಸರ್ವೀಸ್ ಚಾರ್ಜ್ ತೆರಿಗೆ ಅಲ್ಲ, ಬೇಡ ಅಂದ್ರೆ ತೆಗೀಬೇಕು. ಫೋನಲ್ಲೇ ‘ಎಲ್ಲಾ ಸೇರಿ ಎಷ್ಟು?’ ಅಂತ ಕೇಳಿ, ಉತ್ತರ ವಾಟ್ಸಾಪಲ್ಲಿ ಬರೆಸ್ಕೊಳ್ಳಿ. ಘಾಟಿ ಹತ್ತಿದ್ಮೇಲೆ ನೆಟ್‌ವರ್ಕ್ ಸಿಗೋದು ಡೌಟು.