ಬೊಡೋನಿ ನನಗೆ ಕಲಿಸಿದ್ದು

ಮಂಗಳೂರಿನ ಬಲ್ಮಠದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದವೇ ಮುಖ್ಯ ಕೆಲಸ. ಬೊಡೋನಿ ಎಂಬ ಇಂಗ್ಲಿಷ್ ಫಾಂಟ್ ಅಂದರೆ ನನಗೆ ಮೊದಲಿನಿಂದಲೂ ಹುಚ್ಚು. ನಿಂತ ಗೆರೆ ಕಂಬದಷ್ಟು ದಪ್ಪ, ಅಡ್ಡ ಗೆರೆ ಕೂದಲೆಳೆ. ಸೆರಿಫ್, ಅಂದರೆ ಅಕ್ಷರದ ತುದಿಯ ಪುಟ್ಟ ಚಾಚು ಕೂಡ ಚಪ್ಪಟೆ ಗೆರೆ, ಟೈಮ್ಸ್ ಫಾಂಟಿನಲ್ಲಿರುವ ಹಾಗೆ ಬಳುಕಿ ಕಂಬಕ್ಕೆ ಸೇರುವುದಿಲ್ಲ. ವೋಗ್ ಪತ್ರಿಕೆಯ ಹೆಸರು ನೋಡಿದ್ದೀರಲ್ವಾ? ಅದು ಡಿಡೋ, ಬೊಡೋನಿಯ ಫ್ರೆಂಚ್ ದಾಯಾದಿ.

ಕೆಲವು ವರ್ಷಗಳ ಹಿಂದೆ ಒಂದು ಕಾಗದಕ್ಕೆ ಮರೂನ್ ಹಿನ್ನೆಲೆ, ಬಿಳಿ ಅಕ್ಷರ ಇಟ್ಟೆ. ಇಡೀ ಇಂಗ್ಲಿಷ್ ಒಕ್ಕಣೆ ಬೊಡೋನಿಯಲ್ಲಿ, 8 ಪಾಯಿಂಟ್. ಸ್ಕ್ರೀನಿನಲ್ಲಿ ಜೂಮ್ ಮಾಡಿ ಮಾಡಿ ನೋಡಿ ನಾನೇ ಖುಷಿಪಟ್ಟೆ. ಪಾರ್ಟಿಗೂ ಅದನ್ನೇ ತೋರಿಸಿದೆ. ಕಾಗದವೋ, ತರಿತರಿಯಾದ ಟೆಕ್ಸ್ಚರ್ ಶೀಟು. ಅಚ್ಚಾಗಿ ಬಂದಾಗ ಸುತ್ತಲಿನ ಇಂಕು ಬಿಳಿ ಎಳೆಗಳೊಳಗೆ ಹರಡಿ ಮುಚ್ಚಿಬಿಟ್ಟಿತ್ತು. ಸಣ್ಣ 'e' ಅಕ್ಷರದ ನಡುಗೆರೆ ಹೋಗಿ ಎಲ್ಲ ಕಡೆ 'c' ಆಗಿತ್ತು. ಮದುಮಗಳ ಸೋದರಮಾವ ಕನ್ನಡಕ ಏರಿಸಿ, "ಇದೆಂತ ಮಾರ್ರೆ, ಹುಡುಗಿಯ ಹೆಸರೇ ಬದಲಾಗಿದೆಯಲ್ಲ!" ಎಂದರು. 400 ಕಾಗದ ನನ್ನ ಖರ್ಚಿನಲ್ಲೇ ಮತ್ತೆ ಆಯಿತು. ಪ್ರೆಸ್ಸಿನವರದು ತಪ್ಪಿರಲಿಲ್ಲ. ಇಟಲಿಯ ಪಾರ್ಮಾದ ಅಚ್ಚುಗಾರ ಬೊಡೋನಿ 18ನೇ ಶತಮಾನದಲ್ಲಿ ಈ ಎಳೆಗಳನ್ನು ಕೊರೆದದ್ದು ನುಣುಪು ಕಾಗದ, ಒಳ್ಳೆಯ ಇಂಕು, ದೊಡ್ಡ ಪುಟಗಳನ್ನು ನಂಬಿಕೊಂಡು. ನಾನು ಮೂರನ್ನೂ ಕೊಟ್ಟಿರಲಿಲ್ಲ.

ಈಗ ವಧೂವರರ ಹೆಸರಿಗೆ ಮಾತ್ರ ಬೊಡೋನಿ, ಅದೂ 30 ಪಾಯಿಂಟ್ ಮೇಲೆ. ಉಳಿದ ಒಕ್ಕಣೆಗೆ ಸಾದಾ ಸೆರಿಫ್. ಸಣ್ಣದರಲ್ಲೂ ಅದೇ ಬೇಕು ಎಂದು ಹಟ ಹಿಡಿದರೆ ಬೊಡೋನಿ ಮೋಡಾ ಇದೆ, ಪುಕ್ಕಟೆ ಸಿಗುತ್ತದೆ. ಅದರಲ್ಲಿ 6ರಿಂದ 96 ಪಾಯಿಂಟ್‌ವರೆಗೆ ಸೈಜಿಗೆ ತಕ್ಕ ರೂಪಗಳಿವೆ. ಸಣ್ಣ ಸೈಜಿನದನ್ನು ಆರಿಸಿದರೆ ಎಳೆ ತುಸು ದಪ್ಪ. ಫ್ಲೆಕ್ಸಿಗಂತೂ ಬೇಡವೇ ಬೇಡ. ರಸ್ತೆಯ ಆಚೆಯಿಂದ ಕಂಬಗಳಷ್ಟೇ ಕಾಣುತ್ತವೆ, ಬೇಲಿ ಹಾಕಿದ ಹಾಗೆ.

ಪ್ಲೇಫೇರ್ ಡಿಸ್‌ಪ್ಲೇ ಎಂಬ ಇನ್ನೊಂದು ಫಾಂಟ್ ಇದಕ್ಕಿಂತ ಸ್ವಲ್ಪ ಮೆತ್ತಗಿನದು. ಆದರೆ ಅದರ ಅಂಕಿಗಳು ತಾವಾಗಿಯೇ ಮೇಲೆ ಕೆಳಗೆ ಕುಣಿಯುತ್ತವೆ. ಮುಹೂರ್ತದ ಸಮಯ ನೋಡಿ "ನಂಬರು ಸೊಟ್ಟ ಆಗಿದೆ" ಎಂದವರು ಎಷ್ಟೋ ಜನ. ಲೈನಿಂಗ್ ಅಂಕಿ ಆನ್ ಮಾಡಿದರೆ ಸಾಕು, ಸಾಲಾಗಿ ನಿಲ್ಲುತ್ತವೆ.

ನಿಜವಾದ ತಲೆನೋವು ಪಕ್ಕದಲ್ಲಿ ಕನ್ನಡ ಕೂರಿಸುವುದು. ಇದೇ ಊರಿನಲ್ಲಿ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಬಂದದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವನ್ನೇ ಕಲ್ಲಿನ ಮೇಲಿಂದ ಅಚ್ಚು ಮಾಡಿ. ಪುಣ್ಯವಂತರು, ಫಾಂಟ್ ಜೋಡಿಸುವ ಗೋಜೇ ಇರಲಿಲ್ಲ. ನಮ್ಮ ಅಕ್ಷರ ದುಂಡಗೆ, ನಿಂತ ಕಂಬವೇ ಕಡಿಮೆ. ಕನ್ನಡಕ್ಕೂ ಅಷ್ಟೇ ತೆಳು ಎಳೆ ಹುಡುಕಲು ಹೋಗಿ ತಿಂಗಳುಗಟ್ಟಲೆ ಕಳೆದೆ. ಸಿಕ್ಕಿದವುಗಳಲ್ಲಿ ತಲೆಕಟ್ಟೇ ಮಾಯ. ಈಗ ಮಧ್ಯಮ ದಪ್ಪದ ಕನ್ನಡ ಇಟ್ಟು, ಅದರ ಗೆರೆ ಬೊಡೋನಿಯ ಕಂಬಕ್ಕಿಂತ ಒಂದು ಚೂರು ತೆಳು ಇರುವಂತೆ ಸೈಜು ಹೊಂದಿಸುತ್ತೇನೆ. ಒತ್ತಕ್ಷರಕ್ಕೆಂದು ಸಾಲಿನ ನಡುವೆ ಜಾಸ್ತಿ ಜಾಗ ಬಿಡುತ್ತೇನೆ. ಆಮೇಲೆ ಅದೇ ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ, ಪಾರ್ಟಿಯ ಮನೆಯ ಹಿರಿಯರ ಕೈಗೇ ಕೊಡುತ್ತೇನೆ, ಕನ್ನಡಕ ಇಲ್ಲದೆ ಓದಿ ಎಂದು.