ಪಳೆಯುಳಿಕೆ ಪರಾಗದ ಪತ್ರಿಕೆಯನ್ನೂ ಆಕರಗ್ರಂಥಗಳನ್ನೂ ನಡೆಸುವ ಬಗೆ

ಪಳೆಯುಳಿಕೆ ಪರಾಗವನ್ನು, ಅಂದರೆ ಬಂಡೆಗಳಲ್ಲಿ ಉಳಿದುಬಂದ ಪ್ರಾಚೀನ ಸಸ್ಯಗಳ ಪರಾಗವನ್ನು, ಕುರಿತ ಲೇಖನಕ್ಕೆ ಆಯುಸ್ಸು ಹೆಚ್ಚು. 1953ರಲ್ಲಿ ಜರ್ಮನ್ ಭಾಷೆಯಲ್ಲಿ ವಿವರಿಸಿದ ಒಂದು ಕುಲದ (ಜೀನಸ್) ಹೆಸರನ್ನು ಇಂದು ಬಳಸುವವರು ಆ ಮೂಲ ಪುಟವನ್ನೂ ಅದರ ಚಿತ್ರವನ್ನೂ ತೆರೆದು ನೋಡಲೇಬೇಕಾಗುತ್ತದೆ. ಏಕೆಂದರೆ ಹೆಸರಿನ ಅರ್ಥ ನಿಂತಿರುವುದು ಅಲ್ಲಿಯೇ. ಆದ್ದರಿಂದ ಇಂತಹ ಪತ್ರಿಕೆಯನ್ನು ಹೊರತರುವ ವಿದ್ವತ್ ಸಂಘವು ಹೊಸ ಸಂಶೋಧನೆಯನ್ನು ಹಂಚುವುದಕ್ಕಿಂತ ಹೆಚ್ಚಾಗಿ ದಾಖಲೆಯನ್ನು ಕಾಯುತ್ತಿರುತ್ತದೆ. ಸಂಪಾದಕ ಮಂಡಳಿಯ ನಿಯಮಗಳನ್ನು ಈ ಹೊಣೆಯನ್ನು ಮುಂದಿಟ್ಟುಕೊಂಡೇ ರೂಪಿಸಬೇಕು.

ಮೊದಲು ಯಾವುದು ಎಲ್ಲಿ ಪ್ರಕಟವಾಗಬೇಕೆಂಬುದನ್ನು ತೀರ್ಮಾನಿಸಿರಿ. ಅಮೆರಿಕದ ಟಲ್ಸಾದಲ್ಲಿ 1967ರಲ್ಲಿ, ಬಹುಪಾಲು ತೈಲೋದ್ಯಮದಲ್ಲಿದ್ದ ತಜ್ಞರು ಸೇರಿ ಕಟ್ಟಿದ ಅಮೆರಿಕನ್ ಅಸೋಸಿಯೇಷನ್ ಆಫ್ ಸ್ಟ್ರಾಟಿಗ್ರಾಫಿಕ್ ಪ್ಯಾಲಿನಾಲಜಿಸ್ಟ್ಸ್ (ಬಂಡೆಸ್ತರಗಳ ಪರಾಗವನ್ನು ಅಭ್ಯಸಿಸುವವರು) ಎಂಬ ಸಂಘವು ಆರಂಭದಲ್ಲಿ ತನ್ನ ವಾರ್ಷಿಕ ಸಭೆಗಳ ಪ್ರಬಂಧಗಳನ್ನು ಲೂಯಿಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ಒಂದು ಮಾಲೆಯ ಮೂಲಕ ಹೊರತಂದಿತು. ‘ಪ್ಯಾಲಿನಾಲಜಿ’ ಎಂಬ ಸ್ವಂತ ಪತ್ರಿಕೆ 1977ರಲ್ಲಿ ಬಂತು. ಉದ್ದನೆಯ ಅಧ್ಯಯನಗಳಿಗೂ ಸೂಚಿಗಳಿಗೂ ಬೇರೆ ಮಾಲೆಯೇ ಇದೆ. ಲಖನೌದಲ್ಲಿ ಪಳೆಯುಳಿಕೆ ಸಸ್ಯಗಳ ವಿಜ್ಞಾನಿ ಬೀರಬಲ್ ಸಾಹ್ನಿಯವರು 1946ರಲ್ಲಿ ಸ್ಥಾಪಿಸಿದ ಪ್ಯಾಲಿಯೊಬಟಾನಿಕಲ್ ಸೊಸೈಟಿಯ ಪತ್ರಿಕೆ ‘ಜಿಯೊಫೈಟಾಲಜಿ’ 1971ರಿಂದ ಬರುತ್ತಿದ್ದರೆ, ಅವರ ಹೆಸರಿನ ಸಂಶೋಧನಾ ಸಂಸ್ಥೆಯು 1952ರಲ್ಲಿ ‘ದಿ ಪ್ಯಾಲಿಯೊಬಟಾನಿಸ್ಟ್’ ಎಂಬ ತನ್ನದೇ ಪತ್ರಿಕೆಯನ್ನು ಆರಂಭಿಸಿತ್ತು. ಒಂದೇ ಊರಿನಲ್ಲಿ, ಒಂದೇ ವಿಷಯದ ಸುತ್ತ, ಸಂಘದ ಪತ್ರಿಕೆ ಬೇರೆ, ಸಂಸ್ಥೆಯ ಪತ್ರಿಕೆ ಬೇರೆ. ನಿಮ್ಮಲ್ಲಿಯೂ ಶೀರ್ಷಿಕೆಯ ಒಡೆತನ, ಹಳೆಯ ಸಂಚಿಕೆಗಳ ಹಕ್ಕು ಮತ್ತು ಹಣದ ಲೆಕ್ಕ ಯಾರ ಕೈಯಲ್ಲಿವೆ ಎಂಬುದು ಲಿಖಿತವಾಗಿ ಸ್ಪಷ್ಟವಿರಲಿ. ನೂರಾರು ಪ್ರಭೇದಗಳನ್ನು (ಸ್ಪೀಷೀಸ್) ವಿವರಿಸುವ ಹಸ್ತಪ್ರತಿಯನ್ನು ಪತ್ರಿಕೆಯ ಪುಟಮಿತಿಗೆ ಹೊಂದಿಸಲು ಚಿತ್ರಗಳನ್ನು ಕತ್ತರಿಸುವುದಕ್ಕಿಂತ ಮಾಲೆಗೆ ಕಳುಹಿಸುವುದು ಮೇಲು.

ಹೊಸ ಹೆಸರುಗಳ ಪರಿಶೀಲನೆಯನ್ನು ಹೊರಗಿನ ವಿಮರ್ಶಕರ ಪಾಲಿಗೆ ಬಿಡಬಾರದು. ಅವರು ವಯೋನಿರ್ಣಯ ಸರಿಯೇ, ಹೋಲಿಕೆ ಒಪ್ಪುವಂತಹುದೇ ಎಂದು ನೋಡುತ್ತಾರೆ. ಸಸ್ಯನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಕಲಮುಗಳನ್ನು ಒಂದೊಂದಾಗಿ ತಾಳೆ ನೋಡುವವರು ಕಡಿಮೆ. ಅದಕ್ಕಾಗಿ ಮಂಡಳಿಯಲ್ಲಿ ಒಬ್ಬ ನಾಮಕರಣ ಸಂಪಾದಕರು ಇರಬೇಕು, ಅವರ ಒಪ್ಪಿಗೆಯಿಲ್ಲದೆ ಯಾವ ಹೊಸ ಹೆಸರೂ ಅಚ್ಚಿಗೆ ಹೋಗಬಾರದು. ಪಳೆಯುಳಿಕೆ ಸಸ್ಯದ ಹೆಸರಿಗೆ 1912ರಿಂದ ಚಿತ್ರ ಅಥವಾ ಹಿಂದಿನ ಚಿತ್ರದ ಉಲ್ಲೇಖ ಬೇಕು. 1958ರಿಂದ ಹೆಸರಿಗೆ ಆಧಾರವಾದ ಮಾದರಿಯನ್ನು ಸೂಚಿಸಬೇಕು. 1990ರಿಂದ ಆ ಮಾದರಿಯನ್ನು ಟೈಪ್ ಅಥವಾ ಹೋಲೋಟೈಪ್ ಎಂದೇ ಕರೆದು, ಅದನ್ನು ಇಟ್ಟಿರುವ ಏಕೈಕ ಸಂಗ್ರಹಾಲಯವನ್ನು ಹೆಸರಿಸಬೇಕು. 1996ರಿಂದ ವಿವರಣೆ ಲ್ಯಾಟಿನ್ ಅಥವಾ ಇಂಗ್ಲಿಷ್‌ನಲ್ಲಿರಬೇಕು. 2001ರಿಂದ ಹೊಸ ಪ್ರಭೇದದ ಚಿತ್ರಗಳಲ್ಲಿ ಒಂದನ್ನಾದರೂ ಹೋಲೋಟೈಪಿನ ಚಿತ್ರವೆಂದು ಗುರುತಿಸಿರಬೇಕು. ಒಂದು ಪ್ರಭೇದವನ್ನು ಬೇರೆ ಕುಲಕ್ಕೆ ವರ್ಗಾಯಿಸುವ ಲೇಖಕರು ಮೂಲ ಹೆಸರನ್ನು ಲೇಖಕ, ಪುಟ ಮತ್ತು ವರ್ಷಗಳ ಸಮೇತ ಉಲ್ಲೇಖಿಸಬೇಕೆಂಬುದು 1953ರಿಂದಲೇ ಇರುವ ನಿಯಮ. ಆದರೂ ಹಸ್ತಪ್ರತಿಗಳಲ್ಲಿ ಪುಟಸಂಖ್ಯೆಯೇ ಬಿಟ್ಟುಹೋಗಿರುತ್ತದೆ. ಈ ದಿನಾಂಕಗಳ ಪಟ್ಟಿಯನ್ನು ಲೇಖಕರ ಕೈಪಿಡಿಯಲ್ಲಿಯೇ ಸೇರಿಸಿದರೆ ಸಂಪಾದಕರ ಅರ್ಧ ಪತ್ರವ್ಯವಹಾರ ಉಳಿಯುತ್ತದೆ.

ಪರಾಗದ ವಿಷಯದಲ್ಲಿ ಹೋಲೋಟೈಪ್ ಎಂದರೆ ಸಾಮಾನ್ಯವಾಗಿ ಒಂದೇ ಒಂದು ಕಣ. ಹತ್ತಾರು ಮೈಕ್ರೋಮೀಟರ್ ಅಗಲದ ಆ ಕಣವು ಸಾವಿರಾರು ಬೇರೆ ಕಣಗಳಿರುವ ಒಂದು ಗಾಜಿನ ಸ್ಲೈಡಿನ ಮೇಲೆ ಎಲ್ಲೋ ಇರುತ್ತದೆ. ಸ್ಲೈಡಿನ ಸಂಖ್ಯೆಯನ್ನಷ್ಟೇ ಕೊಟ್ಟರೆ ಅದು ಸಿಕ್ಕುವುದಿಲ್ಲ. ಲೇಖಕರು ತಮ್ಮ ಸೂಕ್ಷ್ಮದರ್ಶಕದ ವೇದಿಕೆಯ ಅಂಕಿಗಳನ್ನು ಕೊಟ್ಟರೆ ಆ ಸೂಕ್ಷ್ಮದರ್ಶಕ ಇರುವವರೆಗೆ ಮಾತ್ರ ಪ್ರಯೋಜನ. ಆದ್ದರಿಂದ ಇಂಗ್ಲೆಂಡ್ ಫೈಂಡರ್ ಎಂಬ ಗಾಜಿನ ಫಲಕದ ಸ್ಥಾನಸಂಕೇತವನ್ನು ಕಡ್ಡಾಯ ಮಾಡಿರಿ. ಅದರ ಮೇಲೆ ಒಂದು ಮಿಲಿಮೀಟರ್ ಚೌಕಗಳಿದ್ದು ಪ್ರತಿಯೊಂದಕ್ಕೂ ಅಕ್ಷರ ಮತ್ತು ಅಂಕಿ ಇರುತ್ತವೆ, ಯಾವ ಸೂಕ್ಷ್ಮದರ್ಶಕದಲ್ಲಿಟ್ಟರೂ ಅದೇ ಜಾಗ ಓದಲು ಬರುತ್ತದೆ. ಸ್ಲೈಡಿನ ಚೀಟಿ ಯಾವ ಬದಿಗಿತ್ತು ಎಂಬುದನ್ನೂ ಬರೆಸಬೇಕು, ಇಲ್ಲದಿದ್ದರೆ ಸಂಕೇತ ತಲೆಕೆಳಗಾಗುತ್ತದೆ. ಸ್ಲೈಡನ್ನು ಯಾವ ಮಾಧ್ಯಮದಲ್ಲಿ ಸಿದ್ಧಪಡಿಸಲಾಗಿದೆ ಎಂಬುದೂ ಮುಖ್ಯ. ಗ್ಲಿಸರಿನ್ ಜೆಲ್ಲಿಯಲ್ಲಿ ಕಣಗಳು ಕಾಲಕ್ರಮೇಣ ಉಬ್ಬುತ್ತವೆ, ಅಂಚನ್ನು ಸರಿಯಾಗಿ ಮುಚ್ಚದಿದ್ದರೆ ಜೆಲ್ಲಿಯೇ ಒಣಗುತ್ತದೆ. ಕಣದ ಅಳತೆಯನ್ನು ಆಧರಿಸಿ ಎರಡು ಪ್ರಭೇದಗಳನ್ನು ಬೇರ್ಪಡಿಸುವ ಲೇಖನದಲ್ಲಿ ಸಂಸ್ಕರಣೆಯ ರಾಸಾಯನಿಕಗಳನ್ನೂ ಮಾಧ್ಯಮವನ್ನೂ ಹೇಳದೆ ಹೋದರೆ ಆ ಅಳತೆಗೆ ಬೆಲೆಯಿಲ್ಲ. ಸ್ಲೈಡುಗಳು ಸಂಗ್ರಹಾಲಯಕ್ಕೆ ತಲುಪಿವೆ ಎಂಬ ರಸೀದಿ ಬಂದ ಮೇಲೆಯೇ ಲೇಖನವನ್ನು ಅಂತಿಮವಾಗಿ ಸ್ವೀಕರಿಸಿರಿ; ಲೇಖಕರ ಮೇಜಿನ ಖಾನೆಯು ಸಂಗ್ರಹಾಲಯವಲ್ಲ.

ಚಿತ್ರಫಲಕಗಳ ವಿಷಯದಲ್ಲಿ ಜಿಪುಣತನ ಬೇಡ. ಪ್ರತಿ ಫಲಕದಲ್ಲಿ ಅಳತೆಪಟ್ಟಿ ಇರಬೇಕು. ‘ಸಾವಿರ ಪಟ್ಟು ಹಿಗ್ಗಿಸಿದ್ದು’ ಎಂಬ ಅಡಿಬರಹವು ಪುಟವನ್ನು ಕುಗ್ಗಿಸಿ ಮುದ್ರಿಸಿದ ಕೂಡಲೇ ಸುಳ್ಳಾಗುತ್ತದೆ. ಒಂದೇ ಕಣದ ಮೇಲ್ಮೈ ಮತ್ತು ಅಡ್ಡಸೀಳನ್ನು ಬೇರೆ ಬೇರೆ ಫೋಕಸ್‌ನಲ್ಲಿ ತೋರಿಸುವುದು ಪದ್ಧತಿ, ಅದನ್ನು ಉಳಿಸಿಕೊಳ್ಳಿರಿ.

ಮಾದರಿ ಕಲ್ಲಿನ ಮೂಲದ ಬಗ್ಗೆ ಸಂಪಾದಕರು ಸ್ವಲ್ಪ ಒರಟಾಗಿಯೇ ಇರಬೇಕಾಗುತ್ತದೆ. ತೈಲಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರುಗಳಲ್ಲಿ ಮೇಲಿನ ಸ್ತರಗಳಿಂದ ಉದುರಿದ ಕಿರಿಯ ಪರಾಗವೂ ಸೇರಿಕೊಂಡಿರುತ್ತದೆ. ಆದ್ದರಿಂದ ಮಾದರಿ ಕೊರೆದು ತೆಗೆದ ಅಖಂಡ ಕಲ್ಲಿನ ಕಂಬದ್ದೋ ಚೂರುಗಳದ್ದೋ ಎಂಬುದನ್ನು ಪ್ರತಿ ಕೋಷ್ಟಕದಲ್ಲಿ ನಮೂದಿಸಬೇಕು. ಬಾವಿಯ ಹೆಸರು ಅಥವಾ ಆಳವನ್ನು ಕಂಪನಿ ಗುಟ್ಟಾಗಿ ಇಟ್ಟಿದ್ದರೆ, ಆ ಮಾದರಿಯಿಂದ ಹೊಸ ಪ್ರಭೇದವನ್ನು ಹೆಸರಿಸಲು ಅವಕಾಶ ಕೊಡಬೇಡಿರಿ. ಗುಟ್ಟು ಬಿಡುಗಡೆಯಾಗುವವರೆಗೆ ಕಾಯಲಿ. ಹಳೆಯ ಬಂಡೆಯಿಂದ ಕೊಚ್ಚಿಬಂದ ಕಣಗಳು, ಪ್ರಯೋಗಾಲಯದ ಗಾಳಿಯಲ್ಲಿ ತೇಲಿಬಂದ ಇಂದಿನ ಪರಾಗ, ಇವೆರಡೂ ಒಂದೇ ಸ್ಲೈಡಿನಲ್ಲಿ ಸಿಗಬಹುದು. ಇಂದಿನ ಪಾಕಿಸ್ತಾನದ ಪಂಜಾಬಿನ ಸಾಲ್ಟ್ ರೇಂಜ್‌ನ ಉಪ್ಪಿನ ಸ್ತರದಲ್ಲಿ ಸಾಹ್ನಿಯವರಿಗೆ 1940ರ ದಶಕದಲ್ಲಿ ಉನ್ನತ ಸಸ್ಯಗಳ ಸೂಕ್ಷ್ಮ ಚೂರುಗಳು ದೊರೆತು, ಅದು ಇಯೊಸೀನ್ ಎಂಬ ಭೂವೈಜ್ಞಾನಿಕ ಕಾಲದ್ದೆಂದು ಅವರು ವಾದಿಸಿದರು. ಇಂದು ಆ ಸ್ತರವನ್ನು ಅದಕ್ಕಿಂತ ಬಹಳ ಹಳೆಯದೆಂದೇ ಪರಿಗಣಿಸಲಾಗುತ್ತದೆ, ಚೂರುಗಳು ಹೊರಗಿನಿಂದ ಸೇರಿದವೆಂದು ಬಗೆಯಲಾಗುತ್ತದೆ. ಅಷ್ಟು ದೊಡ್ಡ ವಿದ್ವಾಂಸರ ಕೈಯಲ್ಲಿಯೂ ಹೀಗಾಗಬಹುದಾದ್ದರಿಂದ ವಯಸ್ಸಿಗೆ ಹೊಂದದ ಕಣಗಳನ್ನು ಪಟ್ಟಿಯಿಂದ ಅಳಿಸದೆ, ಪ್ರತ್ಯೇಕ ಸಾಲಿನಲ್ಲಿ ತೋರಿಸುವಂತೆ ಲೇಖಕರನ್ನು ಕೇಳಿರಿ.

ಆಕರಗ್ರಂಥಗಳ ಸ್ವಭಾವ ಬೇರೆ. ಅವು ಎಂದಿಗೂ ಮುಗಿಯುವುದಿಲ್ಲ ಎಂಬುದನ್ನು ಒಪ್ಪಿಕೊಂಡು ಆರಂಭಿಸಬೇಕು. ಯಾನ್ಸೋನಿಯಸ್ ಮತ್ತು ಹಿಲ್ಸ್ ಅವರು 1976ರಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾಲಯದಿಂದ ಹೊರತಂದ ಪಳೆಯುಳಿಕೆ ಬೀಜಕಗಳ (ಸ್ಪೋರ್) ಕುಲಸಂಗ್ರಹವು ಪುಸ್ತಕವಾಗಿರಲಿಲ್ಲ, ಕಾರ್ಡುಗಳ ಕಟ್ಟಾಗಿತ್ತು; ಅನುಬಂಧ ಬಂದಂತೆ ಹೊಸ ಕಾರ್ಡನ್ನು ಸ್ವಸ್ಥಾನದಲ್ಲಿ ಸೇರಿಸಬಹುದಿತ್ತು. ಲೆಂಟಿನ್ ಮತ್ತು ವಿಲಿಯಮ್ಸ್ ಅವರ ಡೈನೊಫ್ಲಾಜೆಲ್ಲೇಟ್ (ನೀರಿನಲ್ಲಿ ಬದುಕುವ ಏಕಕೋಶ ಜೀವಿ) ಸೂಚಿ 1973ರಲ್ಲಿ ಆರಂಭವಾಗಿ, ಪರಿಷ್ಕರಣೆಯ ಮೇಲೆ ಪರಿಷ್ಕರಣೆ ಕಂಡು, 2017ರಲ್ಲಿಯೂ ಹೊಸ ರೂಪದಲ್ಲಿ ಬಂತು. ಈ ಎರಡೂ ಕೃತಿಗಳಿಂದ ಕಲಿಯಬೇಕಾದ ಕ್ರಮ ಒಂದೇ: ಮೂಲ ಲೇಖಕರು ಹೇಳಿದ್ದನ್ನು ಒಂದು ಕಡೆ ತಿದ್ದದೆ ಇಡುವುದು, ನಂತರದವರ ಅಭಿಪ್ರಾಯವನ್ನು ಹೆಸರು ಮತ್ತು ವರ್ಷದೊಂದಿಗೆ ಅದರ ಕೆಳಗೆ ಸೇರಿಸುವುದು, ಸೂಚಿಕಾರರ ಸ್ವಂತ ನಿರ್ಧಾರವನ್ನು ಎದ್ದುಕಾಣುವಂತೆ ಗುರುತಿಸುವುದು. ಕ್ಲಾಸೊಪೊಲ್ಲಿಸ್ ಎಂಬ ಪ್ರಸಿದ್ಧ ಪರಾಗಕುಲದ ಹೆಸರಿಗಿಂತ ಮೊದಲೇ, 1949ರಲ್ಲಿ, ಕೊರೊಲ್ಲಿನಾ ಎಂಬ ಹೆಸರು ಸೋವಿಯತ್ ಒಕ್ಕೂಟದಲ್ಲಿ ಪ್ರಕಟವಾಗಿತ್ತು. ಮೊದಲು ಬಂದ ಹೆಸರಿಗೇ ಆದ್ಯತೆ ಎಂಬುದು ನಿಯಮವಾದರೂ, ಬಳಕೆಯಲ್ಲಿದ್ದ ಕ್ಲಾಸೊಪೊಲ್ಲಿಸ್ ಹೆಸರನ್ನೇ ಉಳಿಸಬೇಕೆಂಬ ವಿಧಿವತ್ತಾದ ಪ್ರಸ್ತಾವ ಬಂದುದು 2004ರಲ್ಲಿ. ಅಂತಹ ವಿವಾದ ನಡೆಯುತ್ತಿರುವಾಗ ಸೂಚಿಯು ಎರಡೂ ಹೆಸರುಗಳನ್ನು ದಾಖಲಿಸಬೇಕೇ ಹೊರತು ತೀರ್ಪುಗಾರನಾಗಬಾರದು.

ಇಂತಹ ಕೃತಿ ಒಬ್ಬರ ತಲೆಯೊಳಗೇ ಉಳಿಯುವುದು ಅಪಾಯಕರ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ತನಿಕೈಮೋನಿಯವರು 1972ರಲ್ಲಿ ಆರಂಭಿಸಿದ, ಹೂಬಿಡುವ ಸಸ್ಯಗಳ ಪರಾಗರೂಪಗಳ ಗ್ರಂಥಸೂಚಿಯು ಪಳೆಯುಳಿಕೆಗೆ ಇಂದಿನ ಹೋಲಿಕೆ ಹುಡುಕುವ ಎಲ್ಲರಿಗೂ ಬೇಕಾದುದು. ಅವರು 1986ರ ಸೆಪ್ಟೆಂಬರಿನಲ್ಲಿ ಕರಾಚಿಯ ವಿಮಾನ ಅಪಹರಣದಲ್ಲಿ ತೀರಿಕೊಂಡರು. ಸೂಚಿಕಾರರನ್ನು ನೇಮಿಸುವ ದಿನವೇ ಜೊತೆಗಾರರನ್ನೂ ನೇಮಿಸಬೇಕು. ಕಾರ್ಡು, ಟಿಪ್ಪಣಿ, ದತ್ತಕೋಶದ ಪ್ರತಿಯು ಪ್ರತಿ ವರ್ಷ ಸಂಘದ ಕಚೇರಿಗೆ ತಲುಪಬೇಕು.

ಪತ್ರಿಕೆಯನ್ನು ವಾಣಿಜ್ಯ ಪ್ರಕಾಶಕರಿಗೆ ಒಪ್ಪಿಸುವ ಸಂಘಗಳು ಇಂದು ಹೆಚ್ಚು; ‘ಪ್ಯಾಲಿನಾಲಜಿ’ಯೂ ಟೇಲರ್ ಆ್ಯಂಡ್ ಫ್ರಾನ್ಸಿಸ್ ಮೂಲಕವೇ ಬರುತ್ತಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆಕರಮಾಲೆಯನ್ನು ಆ ಒಪ್ಪಂದದಿಂದ ಹೊರಗಿಡುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಅದರ ಓದುಗರು ಕೆಲವರೇ, ಅಗತ್ಯ ಮಾತ್ರ ಬಹುಕಾಲದ್ದು, ಲಾಭದ ಲೆಕ್ಕಕ್ಕೆ ಅದು ಎಂದೂ ಹೊಂದುವುದಿಲ್ಲ.

ಪ್ರಕಟಣೆಯ ದಿನಾಂಕವನ್ನು ಹಗುರವಾಗಿ ಕಾಣಬಾರದು. 2012ರಿಂದ ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ ಎಂಬ ಪತ್ರಿಕೆ-ಪುಸ್ತಕಗಳ ಗುರುತುಸಂಖ್ಯೆ ಇರುವ ಪಿಡಿಎಫ್ ರೂಪದ ವಿದ್ಯುನ್ಮಾನ ಪ್ರಕಟಣೆಗೂ ಸಂಹಿತೆಯ ಮಾನ್ಯತೆ ಇದೆ, ಆದರೆ ಅಂತಿಮ ರೂಪಕ್ಕೆ ಮಾತ್ರ. ಅದಕ್ಕಿಂತ ಮುಂಚೆ ಜಾಲದಲ್ಲಿ ಹಾಕಿದ ಕರಡು ಲೆಕ್ಕಕ್ಕೆ ಬರುವುದಿಲ್ಲ. ಸಂಚಿಕೆ ತಡವಾದಾಗ ಮುಖಪುಟದ ಮೇಲೆ ಹಿಂದಿನ ವರ್ಷವನ್ನು ಅಚ್ಚು ಹಾಕುವ ಅಭ್ಯಾಸ ನಮ್ಮ ದೇಶದ ವಿದ್ವತ್ ಪತ್ರಿಕೆಗಳಿಗೆ ಹೊಸದಲ್ಲ. ಆದ್ಯತೆ ಸಿಗುವುದು ನಿಜವಾಗಿ ಹೊರಬಂದ ದಿನಕ್ಕೆ, ಹಾಗಾಗಿ ಆ ದಿನವನ್ನು ಒಳಪುಟದಲ್ಲಿ ಬಿಡಿಸಿ ಬರೆಯಿರಿ. ಸಂಗ್ರಹಾಲಯದ ಹೆಸರು ಬಿಟ್ಟುಹೋಗಿ ಸಿಂಧುವಾಗದ ಹೆಸರುಗಳು ಹಳೆಯ ಸಂಚಿಕೆಗಳಲ್ಲಿ ಕಂಡುಬಂದರೆ, ಅವುಗಳನ್ನು ಸಿಂಧುಗೊಳಿಸುವ ಚಿಕ್ಕ ಟಿಪ್ಪಣಿಗಳಿಗೆ ಪ್ರತಿ ಸಂಪುಟದ ಕೊನೆಯಲ್ಲಿ ಜಾಗ ಮೀಸಲಿಡಿರಿ. ಟಿಪ್ಪಣಿಯನ್ನು ಬರೆಯುವ ಅವಕಾಶ ಮೊದಲು ಮೂಲ ಲೇಖಕರಿಗೇ ಹೋಗಲಿ. ಹೆಸರಿನ ವರ್ಷ ಮಾತ್ರ ಆ ಟಿಪ್ಪಣಿಯದ್ದಾಗಿರುತ್ತದೆ, ಹಳೆಯ ಲೇಖನದ್ದಲ್ಲ.