ಹಳೆಯ ಟಾರ್ಚ್ ಯಾರ ತಯಾರಿಕೆ? ತಿಕ್ಕುವ ಮೊದಲು ಓದಿ

ಮನೆಯ ಹಿರಿಯರು ಕಾರವಾರ ಬಂದರಿನಲ್ಲೋ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲೋ ಕಾಳಿ ಯೋಜನೆಯ ಸುರಂಗಗಳಲ್ಲೋ ದುಡಿದಿದ್ದರೆ, ಅಟ್ಟದ ಮೇಲೆ ಒಂದು ಭಾರದ ಟಾರ್ಚ್ ಇದ್ದರೂ ಇರಬಹುದು. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ದಪ್ಪ ಹಿತ್ತಾಳೆಯ ಅಥವಾ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮೈ, ಗಾಜಿನ ಸುತ್ತ ರಬ್ಬರ್, ನೇತುಹಾಕಲು ಬಳೆ. ಇದನ್ನು ಮಾಡಿದವರು ಯಾರೆಂದು ಪತ್ತೆ ಹಚ್ಚುವುದು ಹೇಗೆ?

ಮೊದಲನೆಯದಾಗಿ, ಹುಣಸೆಹುಳಿ ಹಚ್ಚಿ ತಿಕ್ಕುವ ಉತ್ಸಾಹವನ್ನು ಹತ್ತಿಕ್ಕಿಕೊಳ್ಳಿ. ಕಡಲ ಗಾಳಿಗೆ ಹಿತ್ತಾಳೆ ಕಿಲುಬು ಹಿಡಿಯುವುದು ಸಹಜ. ಆದರೆ ಕಿಲುಬಿನ ಜೊತೆಗೆ ತೆಳುವಾದ ನಿಕಲ್ ಲೇಪವೂ ಬಣ್ಣದಲ್ಲಿ ಅಚ್ಚಾದ ಹೆಸರೂ ಅಳಿಸಿಹೋದರೆ ಮತ್ತೆ ಬರುವುದಿಲ್ಲ. ಒಣ ಬ್ರಷ್ಷಿನಿಂದ ಧೂಳು ಕೊಡವಿದರೆ ಸದ್ಯಕ್ಕೆ ಸಾಕು. ಒಳಗೆ ಸೆಲ್ ಒಸರಿ ಪುಡಿ ಕಟ್ಟಿದ್ದರೆ ಕೈಗವಸು ಹಾಕಿಕೊಂಡೇ ತೆಗೆಯಿರಿ. ಸೆಲ್ ಅಂಟಿಕೊಂಡಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ.

ಓರೆ ಬೆಳಕಿನಲ್ಲಿ ಓದಿ

ಕೋಣೆಯನ್ನು ಕತ್ತಲು ಮಾಡಿ, ಮೊಬೈಲಿನ ಬೆಳಕನ್ನು ಲೋಹದ ಮೈಗೆ ಬಹುತೇಕ ತಾಗಿಸಿ ಪಕ್ಕದಿಂದ ಬಿಡಿ. ಟಾರ್ಚನ್ನು ನಿಧಾನವಾಗಿ ತಿರುಗಿಸುತ್ತ ಹೋದಂತೆ, ಎದುರು ಬೆಳಕಿನಲ್ಲಿ ಸಪಾಟಾಗಿ ಕಂಡಿದ್ದ ಜಾಗದಲ್ಲಿ ಅಕ್ಷರಗಳ ಅಂಚಿಗೆ ನೆರಳು ಮೂಡುತ್ತದೆ. ಹಿಂಬದಿ ಮುಚ್ಚಳದ ಹೊರಗೆ ಮತ್ತು ಒಳಗೆ, ಬಳೆಯ ಅಡಿಯಲ್ಲಿ, ಸ್ವಿಚ್ಚಿನ ತಗಡಿನ ಮೇಲೆ, ಗಾಜು ಹಿಡಿದ ಉಂಗುರದ ಒಳಮೈಯಲ್ಲಿ ಹುಡುಕಿ. ಆದರೂ ಓದಲಾಗದಿದ್ದರೆ ತೆಳುಕಾಗದ ಇಟ್ಟು ಮೆದು ಪೆನ್ಸಿಲ್ ಉಜ್ಜಿ. ಸವೆದ ಅಚ್ಚು ಕಾಗದದ ಮೇಲೆ ಕಣ್ಣಿಗಿಂತ ಚೆನ್ನಾಗಿ ಏಳುತ್ತದೆ.

ಸಿಕ್ಕ ಹೆಸರನ್ನೆಲ್ಲ ನಂಬಬೇಡಿ. ಬಲ್ಬಿನ ಬುಡದಲ್ಲಿರುವುದು ಬಲ್ಬು ಮಾಡಿದವರ ಹೆಸರು. ಬಲ್ಬು ಎಷ್ಟು ಸಲ ಬದಲಾಗಿದೆಯೋ ಯಾರು ಬಲ್ಲರು. ಅದರ ಮೇಲಿನ 2.5 ವೋಲ್ಟ್ ಎಂಬುದು ಎರಡು ಸೆಲ್ಲಿನ, 3.8 ಎಂಬುದು ಮೂರು ಸೆಲ್ಲಿನ ಟಾರ್ಚಿನ ಲೆಕ್ಕ, ಅಷ್ಟೆ. ಮುಚ್ಚಳದ ಥ್ರೆಡ್ ಸಲೀಸಾಗಿ ಕೂರದಿದ್ದರೆ ಮುಚ್ಚಳವೂ ಬೇರೆ ಟಾರ್ಚಿನದೆಂದು ಅನುಮಾನಿಸಿ. ಮೈಯ ಮೇಲೆಯೇ ಒತ್ತಿದ ಅಕ್ಷರಗಳದ್ದೇ ಗಟ್ಟಿ ಸಾಕ್ಷಿ.

ಅನುಮತಿಯ ಮುದ್ರೆ ಇದೆಯೇ?

ಕೈಗಾರಿಕೆಯ ಟಾರ್ಚ್ ಎಂದರೆ ನನ್ನ ಕಣ್ಣು ಮೊದಲು ಹೋಗುವುದು ಇದರ ಕಡೆಗೆ. ಗಣಿಯಲ್ಲಿ, ಅನಿಲ ತುಂಬಿದ ಜಾಗದಲ್ಲಿ ಸ್ವಿಚ್ಚಿನ ಒಂದು ಕಿಡಿಯೂ ಸ್ಫೋಟಕ್ಕೆ ಸಾಕು. ಆದ್ದರಿಂದ ಅಂಥ ಟಾರ್ಚುಗಳನ್ನು ಪರೀಕ್ಷಿಸಿ ಅನುಮತಿ ಸಂಖ್ಯೆ ಕೊಡುತ್ತಿದ್ದರು. ಅಮೆರಿಕದ ಟಾರ್ಚುಗಳಲ್ಲಿ ಅಲ್ಲಿನ ಗಣಿ ಇಲಾಖೆಯ (ಬ್ಯೂರೋ ಆಫ್ ಮೈನ್ಸ್, ಸ್ಥಾಪನೆ 1910) ಮುದ್ರೆಯೂ ಸಂಖ್ಯೆಯೂ ಇರುತ್ತವೆ. ಬ್ರಿಟನ್ನಿನ ಹಳೆಯ ಸಾಧನಗಳಲ್ಲಿ ಕಿರೀಟದ ಚಿತ್ರದೊಂದಿಗೆ 'ಎಫ್‌ಎಲ್‌ಪಿ' ಎಂಬ ಅಕ್ಷರಗಳು. ಜ್ವಾಲೆ ಹೊರಬೀಳದಂತೆ ಕಟ್ಟಿದ್ದು ಎಂದರ್ಥ. ವ್ಯಾಪಾರದ ಹೆಸರು ಅಳಿಸಿಹೋಗಿದ್ದರೂ ಇಂಥ ಸಂಖ್ಯೆ ಉಳಿದಿದ್ದರೆ ಹುಡುಕಾಟಕ್ಕೆ ಅದೇ ಬೀಗದ ಕೈ, ಏಕೆಂದರೆ ಅನುಮತಿ ಸಿಗುವುದು ಅರ್ಜಿ ಹಾಕಿದ ಕಂಪನಿಗೆ. ಈ ಬಗೆಯ ದೀಪಗಳಲ್ಲಿ ಅಮೆರಿಕದ ಬ್ರೈಟ್ ಸ್ಟಾರ್, ಇಂಗ್ಲೆಂಡಿನ ಶೆಫೀಲ್ಡಿನ ವುಲ್ಫ್ ಹೆಸರುವಾಸಿ.

ಪೇಟೆಂಟ್ ಸಂಖ್ಯೆಯಿಂದ ಕಾಲವೂ ತಿಳಿಯುತ್ತದೆ. ಅಮೆರಿಕದ ಪೇಟೆಂಟುಗಳು 1911ರಲ್ಲಿ ಹತ್ತು ಲಕ್ಷ, 1935ರಲ್ಲಿ ಇಪ್ಪತ್ತು ಲಕ್ಷ, 1961ರಲ್ಲಿ ಮೂವತ್ತು ಲಕ್ಷ ದಾಟಿದವು. ಟಾರ್ಚ್ ತನ್ನ ಮೇಲಿನ ಪೇಟೆಂಟ್ ಸಿಕ್ಕ ವರ್ಷಕ್ಕಿಂತ ಹಳೆಯದಾಗಿರಲಾರದು; ಹೊಸದಾಗಿರಬಹುದು. ಗೂಗಲ್ ಪೇಟೆಂಟ್ಸ್‌ನಲ್ಲಿ ಸಂಖ್ಯೆ ಹಾಕಿದರೆ ರೇಖಾಚಿತ್ರ ಸಿಗುತ್ತದೆ. ಸ್ವಿಚ್ಚಿನ ಆಕಾರ ಅದಕ್ಕೆ ಹೊಂದುತ್ತದೆಯೇ ನೋಡಿ.

ನಮ್ಮ ದೇಶದ ಗುರುತುಗಳು

ಎವರೆಡಿ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಕಂಪನಿಯ ಹೆಸರನ್ನೂ ಓದಬೇಕು. 'ನ್ಯಾಷನಲ್ ಕಾರ್ಬನ್' ಎಂದಿದ್ದರೆ ಹಳೆಯದು. ಭಾರತದ ಕಂಪನಿ 1959ರಲ್ಲಿ 'ಯೂನಿಯನ್ ಕಾರ್ಬೈಡ್ ಇಂಡಿಯಾ' ಆಯಿತು, 1990ರ ದಶಕದ ನಡುವೆ 'ಎವರೆಡಿ ಇಂಡಸ್ಟ್ರೀಸ್'. ಇಂಗ್ಲಿಷಿನಲ್ಲಿ 'ಎವರ್ ರೆಡಿ' ಎಂದು ಎರಡು ಪದವಾಗಿ ಬರೆದಿದ್ದರೆ ಬ್ರಿಟನ್ನಿನ ಬೇರೆಯದೇ ಕಂಪನಿ ಇರಬಹುದು. ಅವರು ರಫ್ತಿಗೆ 'ಬೆರೆಕ್' ಎಂಬ ಹೆಸರನ್ನೂ ಬಳಸುತ್ತಿದ್ದರು. ಜೀಪ್ ಎಂದಿದ್ದರೆ ಅಲಹಾಬಾದಿನದು.

ಐಎಸ್‌ಐ ಗುರುತಿದ್ದರೆ ಅದರ ಕೆಳಗೆ 'ಸಿಎಂ/ಎಲ್' ಸಂಖ್ಯೆ ಹುಡುಕಿ. ಅದು ಪರವಾನಗಿ ಪಡೆದ ತಯಾರಕರಿಗೆ ಸೇರಿದ್ದು. ಪೆಟ್ಟಿಗೆಯೋ ಚೀಟಿಯೋ ಉಳಿದಿದ್ದು ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಈಚಿನದು. 'ವೆಸ್ಟ್ ಜರ್ಮನಿ' ಎಂದಿದ್ದರೆ 1949ರಿಂದ 1990ರ ನಡುವಿನದು.

ಹೆಸರು ತಿಳಿದ ಮೇಲೆ ಹೊಸ ಸೆಲ್ ಹಾಕಿ ಬೆಳಗಿಸಲು ಅಡ್ಡಿಯಿಲ್ಲ. ಆದರೆ ಅನುಮತಿಯ ಮುದ್ರೆಯನ್ನು ನಂಬಿ ಅದನ್ನು ದೋಣಿಯ ಎಂಜಿನ್ ಕೋಣೆಗೋ ಸೋರುವ ಅಡುಗೆ ಅನಿಲದ ಬಳಿಗೋ ಒಯ್ಯಬೇಡಿ. ರಬ್ಬರ್ ಒಣಗಿ ಬಿರಿದಿರುತ್ತದೆ, ಗಾಜು ಬದಲಾಗಿರಬಹುದು. ಪರೀಕ್ಷೆಯಲ್ಲಿ ಪಾಸಾದಾಗಿನ ಟಾರ್ಚ್ ಅದಲ್ಲ.